ಎರೆಹೊಲಕ್ಕಿಳಿಯುವ ಪುಟ್ಟ ಜೀಪು

ಜೋಳದ ಸುಗ್ಗಿ ಮುಗಿದ ಹೊಲದಿಂದ ಒಣದಂಟು ಆಯ್ದು ತಂದು, ಸಿಪ್ಪೆ ಸುಲಿದು, ಒಳಗಿನ ಬೆಂಡಿಗೆ ಜಾಲಿಮುಳ್ಳು ಚುಚ್ಚಿ ಚಕ್ಕಡಿ ಮಾಡದ ಹುಡುಗರು ಒಂದು ಕಾಲಕ್ಕೆ ಈ ಸೀಮೆಯಲ್ಲಿ ಸಿಗುತ್ತಿರಲಿಲ್ಲ. ಅದಕ್ಕೆ ನೊಗವಿರುತ್ತಿತ್ತು, ಈಸು ಇರುತ್ತಿತ್ತು, ಉರುಳುವ ಗಾಲಿ ಇರುತ್ತಿತ್ತು. ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಕೆರೆಯ ಜಿಗುಟು ಮಣ್ಣಿನ ಜೋಡೆತ್ತೂ ಸಿದ್ಧ. ಮುಂದೆ ಲಾರಿಗಳ ಕಾಲ ಬಂತು. ಹರಿದ ಹವಾಯಿ ಚಪ್ಪಲಿಯನ್ನು ದುಂಡಗೆ ಕತ್ತರಿಸಿದ ಗಾಲಿ, ಎಣ್ಣೆ ಡಬ್ಬಿಯ ತಗಡಿನ ಮೈ, ಉದ್ದನೆಯ ಕೋಲಿನ ತುದಿಗೆ ತಂತಿ ಸುತ್ತಿ ಮಾಡಿದ ಸ್ಟೇರಿಂಗು. ಬಾಯಿಯೇ ಹಾರ್ನು, ಬಾಯಿಯೇ ಎಂಜಿನ್ನು!

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹುಡುಗರ ಆ ಕೈಚಳಕಕ್ಕೆ ಮೋಟಾರು ಮತ್ತು ರೇಡಿಯೋ ಜೋಡಿಸಿದರೆ ಏನಾಗುತ್ತದೆ? ಜಗತ್ತಿನ ಅನೇಕ ಕಡೆ ದೊಡ್ಡವರೂ ಊಟ ಮರೆತು ಕೂರುವ ಒಂದು ಹವ್ಯಾಸವಾಗುತ್ತದೆ. ನಿಜವಾದ ವಾಹನವೊಂದನ್ನು ಆರಿಸಿ, ಅದರ ಅಳತೆಗಳನ್ನೆಲ್ಲ ಒಂದೇ ಪ್ರಮಾಣದಲ್ಲಿ ಕಿರಿದಾಗಿಸಿ, ಕಲ್ಲು ಕೆಸರಿನಲ್ಲಿ ರಿಮೋಟಿನಿಂದ ನಡೆಸುವ ಗಾಡಿ ಕಟ್ಟುವುದೇ ಆ ಹವ್ಯಾಸ. ಇದರಲ್ಲಿ ವೇಗಕ್ಕೆ ಬೆಲೆಯಿಲ್ಲ. ಎತ್ತು ನಡೆದಷ್ಟೇ ನಿಧಾನವಾಗಿ, ಮಗುಚದೆ, ಸಿಕ್ಕಿಹಾಕಿಕೊಳ್ಳದೆ ದಾರಿಯಿಲ್ಲದಲ್ಲಿ ದಾರಿ ಮಾಡಿಕೊಂಡು ಹೋಗುವುದೇ ಇಲ್ಲಿನ ಜಾಣತನ.

ರೇಡಿಯೋ ಅಲೆಯಿಂದ ಆಟಿಕೆ ನಡೆಸುವ ಯೋಚನೆ ತೀರಾ ಹಳೆಯದು. 1898ರಲ್ಲಿ ನಿಕೊಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನೀರಿನ ತೊಟ್ಟಿಯೊಳಗೆ ಪುಟ್ಟ ದೋಣಿಯನ್ನು ತಂತಿಯಿಲ್ಲದೆ ತಿರುಗಿಸಿ ತೋರಿಸಿದ್ದ. ಆದರೆ ಗುಡ್ಡಗಾಡಿನ ಟ್ರಕ್ಕಿನ ಕಥೆಗೆ ಮುಖ್ಯವಾದ ವರ್ಷ 1981. ಜಪಾನಿನ ಶಿಝುವೋಕಾ ನಗರದ ತಮಿಯಾ ಕಂಪನಿ ಆ ವರ್ಷ ಟೊಯೊಟಾ ಹೈಲಕ್ಸ್ ಪಿಕಪ್ಪಿನ ಹತ್ತನೇ ಒಂದು ಅಳತೆಯ ಮಾದರಿಯನ್ನು ಬಿಡಿಭಾಗಗಳ ಪೆಟ್ಟಿಗೆಯಾಗಿ ಮಾರಾಟಕ್ಕೆ ತಂದಿತು. ನಾಲ್ಕೂ ಗಾಲಿಗೆ ಶಕ್ತಿ, ಪಟ್ಟಿ ಸ್ಪ್ರಿಂಗು, ರಿಮೋಟಿನಿಂದಲೇ ಬದಲಾಯಿಸಬಹುದಾದ ಮೂರು ಗೇರು! ಒಳಗಿನ ಯಂತ್ರವೂ ನಿಜದ ಹಾಗೆಯೇ ಇರಬೇಕೆಂಬ ಹಟ ಹವ್ಯಾಸಿಗಳಿಗೆ ಅಂಟಿಕೊಳ್ಳುವಲ್ಲಿ ಆ ಪೆಟ್ಟಿಗೆಯ ಪಾಲು ದೊಡ್ಡದು.

ಈಗ ಇಂಥ ಸಿದ್ಧ ಗಾಡಿಗಳನ್ನು ಮನೆ ಬಾಗಿಲಿಗೆ ತರಿಸಬಹುದು. ಹೊರದೇಶದ ಹೆಸರಾಂತ ಮಾದರಿಗಳಿಗೆ ಹತ್ತಾರು ಸಾವಿರ ರೂಪಾಯಿ ತೆರಬೇಕು. ಅಷ್ಟು ಕೊಟ್ಟು ತರಿಸಿದ ಗಾಡಿಯನ್ನು ಓಡಿಸಿದವನಿಗೆ ಓಡಿಸುವುದು ಬರುತ್ತದೆ; ಕಟ್ಟಿದವನಿಗೆ ಗಾಡಿ ಬರುತ್ತದೆ. ಗೇರು ಮೋಟಾರು, ಸರ್ವೋ, ರಿಮೋಟು ಮಾತ್ರ ಕೊಂಡು ಉಳಿದದ್ದನ್ನು ಮನೆಯಲ್ಲೇ ಮಾಡಿಕೊಂಡರೆ ಖರ್ಚು ಕೆಲವು ಸಾವಿರದಲ್ಲಿ ನಿಲ್ಲುತ್ತದೆ.

ಟೇಪು ಹಿಡಿದು ಗ್ಯಾರೇಜಿಗೆ

ಮೊದಲ ಕೆಲಸ ಮಾದರಿಯನ್ನು ಆರಿಸುವುದು. ಇಲ್ಲಿನವರಿಗೆ ಜೀಪಿಗಿಂತ ಒಳ್ಳೆಯದು ಸಿಗಲಾರದು. ಎರಡನೇ ಮಹಾಯುದ್ಧಕ್ಕೆಂದು ಅಮೆರಿಕದಲ್ಲಿ ತಯಾರಾದ ವಿಲ್ಲೀಸ್ ಜೀಪನ್ನು ಮಹೀಂದ್ರ ಸಂಸ್ಥೆ 1940ರ ದಶಕದ ಕೊನೆಯಲ್ಲಿ ಭಾರತದಲ್ಲಿ ಜೋಡಿಸತೊಡಗಿತು. ಅದರ ಮೈಯೆಲ್ಲ ಚಪ್ಪಟೆ ತಗಡು, ನೇರ ಗೆರೆ. ಎಣ್ಣೆ ಡಬ್ಬಿ ಕತ್ತರಿಸಿದರೂ ರೂಪ ಬರುತ್ತದೆ. ಯುದ್ಧಕಾಲದ ಜೀಪಿನ ಅಳತೆ ಹೀಗಿದೆ: ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ 80 ಇಂಚು, ಅಂದರೆ 203 ಸೆಂ.ಮೀ.; ಅಗಲ ಸುಮಾರು 157 ಸೆಂ.ಮೀ.; ಟೈರಿನ ಎತ್ತರ ಸುಮಾರು 72 ಸೆಂ.ಮೀ. ಹತ್ತರಿಂದ ಭಾಗಿಸಿದರೆ ಮಾದರಿಯ ಅಳತೆ ಸಿಕ್ಕಿತು. ಊರಿನ ಗ್ಯಾರೇಜಿನಲ್ಲಿ ನಿಂತ ಜೀಪು ಬೇರೆ ಬಗೆಯದಾದರೆ ಅದಕ್ಕೇ ಟೇಪು ಹಿಡಿಯುವುದು ವಾಸಿ. ಮೆಕ್ಯಾನಿಕ್ಕರು ಮೊದಲು ನಗಬಹುದು. ಎರಡನೇ ದಿನ ತಾವೇ ಟೇಪಿನ ಇನ್ನೊಂದು ತುದಿ ಹಿಡಿಯುತ್ತಾರೆ.

ಅಳತೆಯೆಂದರೆ ನೋಡುವ ಶಿಸ್ತು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿಗೆ ಶಾಲಾ ಪ್ರವಾಸದಲ್ಲಿ ಹೋಗದ ಮಕ್ಕಳು ಈ ಭಾಗದಲ್ಲಿ ಕಡಿಮೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಅಲ್ಲಿ ಹಳ್ಳಿಯ ಬದುಕನ್ನೇ ನಿಜದ ಗಾತ್ರದಲ್ಲಿ ಮೂಡಿಸಿದರು. ಎತ್ತಿನ ಬೆನ್ನಿನ ಬಾಗು, ಕೆಲಸಕ್ಕೆ ಕೂತ ಮನುಷ್ಯನ ಮೊಣಕಾಲು, ಒಂದೊಂದನ್ನೂ ಕಣ್ಣಿಟ್ಟು ನೋಡಿದವರ ಕೆಲಸವದು. ಜೀಪಿನ ಬಾನೆಟ್ಟಿನ ಅಂಚು ಎಲ್ಲಿ ಬಾಗುತ್ತದೆ, ಮಡ್‌ಗಾರ್ಡಿನ ತುಕ್ಕು ಯಾವ ಮೂಲೆಯಿಂದ ಹಬ್ಬುತ್ತದೆ ಎಂಬುದನ್ನೂ ಅದೇ ಕಣ್ಣಿನಿಂದ ನೋಡಬೇಕು.

ಕಿರಿದಾಗಲು ಒಪ್ಪದ ಸಂಗತಿಗಳು

ಇಲ್ಲಿಂದ ಗಣಿತದ ಪುಸ್ತಕ ತೆರೆಯುತ್ತದೆ. ಉದ್ದ ಹತ್ತನೇ ಒಂದಾದರೆ ತೂಕ ಎಷ್ಟಾಗಬೇಕು? ಹತ್ತನೇ ಒಂದೆಂದು ಹೇಳಿದರೆ ತಪ್ಪು. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ ತೂಕ ಸಾವಿರದಲ್ಲಿ ಒಂದಾಗುತ್ತದೆ. ಸುಮಾರು 1,050 ಕೆ.ಜಿ.ಯ ಜೀಪಿನ ಮಾದರಿ 1 ಕೆ.ಜಿ. ಚಿಲ್ಲರೆ ತೂಗಬೇಕು. ಬ್ಯಾಟರಿ, ಮೋಟಾರು ಸೇರಿದ ಮೇಲೆ 2 ಕೆ.ಜಿ. ಮುಟ್ಟುವುದೇ ಹೆಚ್ಚು.

ಸ್ಪ್ರಿಂಗು ಇನ್ನೂ ಸ್ವಾರಸ್ಯದ್ದು. ನಿಜವಾದ ಜೀಪಿನ ಪಟ್ಟಿ ಸ್ಪ್ರಿಂಗನ್ನು ಅದೇ ಉಕ್ಕಿನಲ್ಲಿ, ದಪ್ಪವನ್ನೂ ಸೇರಿಸಿ ಕರಾರುವಾಕ್ಕಾಗಿ ಹತ್ತನೇ ಒಂದು ಮಾಡಿದರೆ ಅದು ಬಾಗುವುದೇ ಇಲ್ಲ. ಸ್ಪ್ರಿಂಗಿನ ಬಿರುಸು ಹತ್ತನೇ ಒಂದಕ್ಕೆ ಇಳಿದರೆ ಮೇಲಿನ ಭಾರ ಸಾವಿರದಲ್ಲಿ ಒಂದಕ್ಕೆ ಇಳಿದಿರುತ್ತದೆ. ಭಾರಕ್ಕೆ 5 ಸೆಂ.ಮೀ. ಕುಗ್ಗುವ ಸ್ಪ್ರಿಂಗು ಮಾದರಿಯಲ್ಲಿ 5 ಮಿ.ಮೀ. ಕುಗ್ಗಬೇಕಿತ್ತು; ಕುಗ್ಗುವುದು ಅರ್ಧ ಮಿ.ಮೀ. ಮಾತ್ರ! ಆದ್ದರಿಂದ ಅನುಭವಸ್ಥರು ನಿಜದ ದಪ್ಪವನ್ನು ಕೈಬಿಟ್ಟು, ಗಂಟು ಬಿಗಿಯುವ ಉಕ್ಕಿನ ಪ್ಯಾಕಿಂಗ್ ಪಟ್ಟಿ ಅಥವಾ ಹಳೆಯ ಗಡಿಯಾರದ ಸ್ಪ್ರಿಂಗಿನ ತೆಳು ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ, ಒಂದೊಂದೇ ಪಟ್ಟಿ ತೆಗೆಯುತ್ತ ಹಾಕುತ್ತ ಹದ ನೋಡುತ್ತಾರೆ.

ವೇಗಕ್ಕೂ ಬೇರೆ ಲೆಕ್ಕವಿದೆ. ಇಂಗ್ಲೆಂಡಿನ ವಿಲಿಯಂ ಫ್ರೌಡ್ 1870ರ ದಶಕದಲ್ಲಿ ಹಡಗುಗಳ ಮಾದರಿಯನ್ನು ನೀರಿನ ಕಾಲುವೆಯಲ್ಲಿ ಎಳೆದು ನೋಡಿ ಹೇಳಿದ ನಿಯಮವನ್ನು ಇಲ್ಲಿಗೂ ತರಬಹುದು. ಮಾದರಿ ಹತ್ತನೇ ಒಂದಾದರೆ ವೇಗವನ್ನು ಹತ್ತರ ವರ್ಗಮೂಲದಿಂದ, ಅಂದರೆ 3.16ರಿಂದ ಭಾಗಿಸಬೇಕು. ಗಂಟೆಗೆ 11.4 ಕಿ.ಮೀ. ವೇಗದಲ್ಲಿ ಕಲ್ಲುದಾರಿ ದಾಟುವ ಜೀಪಿನಂತೆ ಕಾಣಬೇಕಾದರೆ ಮಾದರಿ ಗಂಟೆಗೆ ಸುಮಾರು 3.6 ಕಿ.ಮೀ. ಹೋಗಬೇಕು. ಅದಕ್ಕಿಂತ ಜೋರಾದರೆ ಕಪ್ಪೆಯ ಹಾಗೆ ಕುಪ್ಪಳಿಸುತ್ತದೆ, ಆಟಿಕೆಯೆಂದು ದೂರದಿಂದಲೇ ಗೊತ್ತಾಗುತ್ತದೆ.

ಗಂಟೆಗೆ 3.6 ಕಿ.ಮೀ. ಎಂದರೆ ಸೆಕೆಂಡಿಗೆ 1 ಮೀಟರು, ನಿಮಿಷಕ್ಕೆ 60 ಮೀಟರು. 72 ಮಿ.ಮೀ. ಗಾಲಿ ಒಂದು ಸುತ್ತಿಗೆ ಸುಮಾರು 226 ಮಿ.ಮೀ. ಸಾಗುತ್ತದೆ, ಹಾಗಾಗಿ ಅದು ನಿಮಿಷಕ್ಕೆ 265 ಸುತ್ತು ತಿರುಗಬೇಕು. ಮೋಟಾರು ನಿಮಿಷಕ್ಕೆ 12,000 ಸುತ್ತು ತಿರುಗುತ್ತದೆಂದುಕೊಂಡರೆ ನಡುವಿನ ಗೇರುಗಳು ಅದನ್ನು 45 ಪಟ್ಟು ಇಳಿಸಬೇಕು. ಯುದ್ಧಕಾಲದ ಜೀಪಿನಲ್ಲಿ ಮೊದಲ ಗೇರು, ಟ್ರಾನ್ಸ್‌ಫರ್ ಪೆಟ್ಟಿಗೆಯ ಕೆಳ ಗೇರು, ಅಚ್ಚಿನ ಗೇರು ಸೇರಿ ಸುಮಾರು 26 ಪಟ್ಟು ಇಳಿಯುತ್ತಿತ್ತು. ವೇಗ ಎಷ್ಟು ಇಳಿಯಿತೋ ತಿರುಗಿಸುವ ಬಲ ಅಷ್ಟು ಏರುತ್ತದೆ, ತಿಕ್ಕಾಟಕ್ಕೆ ಹೋದದ್ದು ಬಿಟ್ಟು. ಇಷ್ಟು ಗೇರು ಕೈಯಿಂದ ಕಡೆಯುವುದು ಹುಡುಗಾಟವಲ್ಲ. ಕೆಟ್ಟುಹೋದ ಬ್ಯಾಟರಿ ಡ್ರಿಲ್ಲಿನ ಗೇರುಪೆಟ್ಟಿಗೆ ಬಿಚ್ಚಿಕೊಂಡರೆ ಅರ್ಧ ಕೆಲಸ ಮುಗಿದಂತೆ; ಇಲ್ಲವಾದರೆ ರೋಬೋ ಮಾಡುವವರು ಬಳಸುವ ಗೇರುಸಹಿತ ಮೋಟಾರನ್ನೇ ಕೊಳ್ಳಬಹುದು.

ಬಹಳ ಜನ ಕೈಚೆಲ್ಲುವುದು ಮುಂದಿನ ಅಚ್ಚಿನಲ್ಲಿ. ಹಿಂದಿನ ಗಾಲಿ ಬರೀ ತಿರುಗಿದರೆ ಸಾಕು. ಮುಂದಿನದು ತಿರುಗುತ್ತಲೇ ಎಡಕ್ಕೆ ಬಲಕ್ಕೆ ಹೊರಳಲೂಬೇಕು, ಹೊರಳಿದಾಗ ಶಕ್ತಿ ಕಡಿಯಬಾರದು. ಅದಕ್ಕೆ ಬೇಕಾದ ಕೀಲು ಮಾಡಲು ಲೇತಿನ ಕೆಲಸ ಬರಬೇಕು. ಮೊದಲ ಗಾಡಿಯನ್ನು ಹಿಂದಿನ ಎರಡೇ ಗಾಲಿಯಲ್ಲಿ ನಡೆಸಿ, ಎರಡನೆಯದಕ್ಕೆ ಸಿದ್ಧ ಅಚ್ಚು ಕೊಳ್ಳುವುದರಲ್ಲಿ ಅವಮಾನವೇನಿಲ್ಲ.

ಟ್ರ್ಯಾಕ್ಟರಿನ ಪೆಡಲು ಹೇಳುವ ಪಾಠ

ಡಿಫರೆನ್ಶಿಯಲ್ ಎಂಬುದನ್ನು ಬಿಡಿಸಿ ಹೇಳಲು ಈ ಸೀಮೆಯಲ್ಲಿ ಪುಸ್ತಕವೇ ಬೇಕಾಗಿಲ್ಲ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಹೋಗಬೇಕು, ಒಳಗಿನದು ಕಡಿಮೆ. ಎರಡಕ್ಕೂ ಬೇರೆ ಬೇರೆ ವೇಗ ಕೊಡುವ ಗೇರುಗಳ ಏರ್ಪಾಡು ಅದು. ಆದರೆ ಒಂದು ಗಾಲಿ ಕೆಸರಿನಲ್ಲಿ ಜಾರಿದರೆ ಅದೇ ಗಿರ್ರನೆ ತಿರುಗಿ, ಗಟ್ಟಿನೆಲದ ಮೇಲಿನ ಗಾಲಿ ಸುಮ್ಮನೆ ನಿಂತುಬಿಡುತ್ತದೆ. ಮಳೆಯಲ್ಲಿ ಸವಣೂರಿನ ಎರೆಹೊಲಕ್ಕೆ ಟ್ರ್ಯಾಕ್ಟರು ಇಳಿಸಿದವರಿಗೆಲ್ಲ ಇದು ಗೊತ್ತು. ಆಗ ಅವರು ಕಾಲಬಳಿಯ ಲಾಕ್ ಪೆಡಲು ಒತ್ತುತ್ತಾರೆ, ಎರಡೂ ಗಾಲಿ ಒಟ್ಟಿಗೆ ತಿರುಗಿ ಗಾಡಿ ಮೇಲೆದ್ದು ಬರುತ್ತದೆ. ಗುಡ್ಡ ಹತ್ತುವ ಪುಟ್ಟ ಗಾಡಿಗಳಲ್ಲಿ ಈ ಲಾಕು ಸದಾ ಹಾಕಿಯೇ ಇರುವುದು ಸಾಮಾನ್ಯ. ತಿರುವಿನಲ್ಲಿ ಗಾಲಿ ಸ್ವಲ್ಪ ಉಜ್ಜುತ್ತದೆ. ಮಣ್ಣಿನ ಮೇಲೆ ಅದರಿಂದ ನಷ್ಟವಿಲ್ಲ.

ಬ್ಯಾಟರಿಯನ್ನು ಎಲ್ಲಿ ಕೂಡಿಸಬೇಕೆಂಬುದೂ ಚಿಕ್ಕ ಮಾತಲ್ಲ. ಎಡ ಬಲ ಗಾಲಿಗಳ ನಡುವಿನ ಅಂತರ 122 ಮಿ.ಮೀ. ಇದ್ದರೆ ಅರ್ಧ 61. ಗಾಡಿಯ ಗುರುತ್ವಕೇಂದ್ರ ನೆಲದಿಂದ 50 ಮಿ.ಮೀ. ಎತ್ತರದಲ್ಲಿದ್ದರೆ ಸುಮಾರು 50 ಡಿಗ್ರಿ ಓರೆಯಾಗುವವರೆಗೆ ಮಗುಚುವುದಿಲ್ಲ. ಬ್ಯಾಟರಿಯನ್ನು ಮೇಲೆ ಇಟ್ಟು ಆ ಎತ್ತರ 75ಕ್ಕೆ ಏರಿತೋ, 39 ಡಿಗ್ರಿಗೇ ಪಲ್ಟಿ. ಹಲಗೆಯ ಮೇಲೆ ಗಾಡಿ ನಿಲ್ಲಿಸಿ, ಒಂದು ಅಂಚನ್ನು ಮೆಲ್ಲಗೆ ಎತ್ತುತ್ತ ಹೋಗಿ ಕೋನಮಾಪಕ ಹಿಡಿದರೆ ಟ್ರಿಗ್ನಾಮೆಟ್ರಿಯ ಟ್ಯಾಂಜೆಂಟ್ ಕಣ್ಣೆದುರೇ ಬಂದು ಕೂರುತ್ತದೆ.

ರೇಡಿಯೋ ಮಾತ್ರ ಈಗ ಬಹಳ ಸುಲಭವಾಗಿದೆ. ಹಿಂದೆ ಒಂದೇ ಕಂಪನಾಂಕದ ಇಬ್ಬರು ಒಟ್ಟಿಗೆ ಸೇರಿದರೆ ಒಬ್ಬನ ರಿಮೋಟಿಗೆ ಇನ್ನೊಬ್ಬನ ಗಾಡಿ ಓಡುತ್ತಿತ್ತು. ಇಂದಿನ 2.4 ಗಿಗಾಹರ್ಟ್ಸ್ ರಿಮೋಟುಗಳು ತಮ್ಮ ಗಾಡಿಯನ್ನು ತಾವೇ ಗುರುತಿಟ್ಟುಕೊಳ್ಳುತ್ತವೆ. ಕಡಿಮೆ ಶಕ್ತಿಯ ಇಂಥ ಸಾಧನಗಳನ್ನು ಬಳಸಲು ನಮ್ಮಲ್ಲಿ ಪ್ರತ್ಯೇಕ ಪರವಾನಿಗೆ ಬೇಕಿಲ್ಲ.

ಹೆತ್ತವರ ಎರಡು ಚಿಂತೆ

“ಅದೇನ್ ಆಟ್ಗಿ ಹಿಡ್ಕೊಂಡ್ ಕುಂತೀಯೋ, ಪುಸ್ತಕಾ ತಗಿ” ಎಂಬ ಮಾತು ಯಾವ ಮನೆಯಲ್ಲೂ ಕೇಳಿಬರುವಂಥದೇ. ಎಸ್ಸೆಸ್ಸೆಲ್ಸಿ ವರ್ಷದಲ್ಲಿ ಆ ಮಾತಿಗೆ ಅರ್ಥವೂ ಇದೆ; ಇಂಥ ಗಾಡಿ ಒಂದು ವಾರದಲ್ಲಿ ಮುಗಿಯುವುದಿಲ್ಲ, ಹಿಡಿದರೆ ಬಿಡುವುದೂ ಇಲ್ಲ. ಬೇಸಿಗೆ ರಜೆಗೆ ಚಾಸಿ, ದಸರೆಗೆ ಮೈ ಎಂದು ಹಂಚಿಕೊಂಡರೆ ಮನೆಯಲ್ಲಿ ಜಗಳ ಕಡಿಮೆ. ಕೇಂದ್ರದ ನೀತಿ ಆಯೋಗ 2016ರಿಂದ ಶಾಲೆಗಳಲ್ಲಿ ತೆರೆಯುತ್ತ ಬಂದಿರುವ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ಆರನೇ ತರಗತಿಯಿಂದಲೇ ಮಕ್ಕಳ ಕೈಗೆ ಬೆಸುಗೆ ಕಡ್ಡಿ ಕೊಡುತ್ತವೆ. ಎಂಜಿನಿಯರಿಂಗ್ ಓದುವವರಿಗೆ ಬಾಹಾ ಎಂಬ ಸ್ಪರ್ಧೆಯಿದೆ. ಒಬ್ಬರು ಕೂರುವ ಗುಡ್ಡಗಾಡಿನ ಗಾಡಿಯನ್ನು ವಿದ್ಯಾರ್ಥಿಗಳೇ ಕಟ್ಟಿ ಓಡಿಸುವ ಈ ಸ್ಪರ್ಧೆ ಭಾರತದಲ್ಲಿ 2007ರಲ್ಲಿ ಆರಂಭವಾಯಿತು. ಹಾವೇರಿ ಬಳಿಯ ದೇವಗಿರಿಯಲ್ಲೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿಗೆ ಹೋಗುವ ಮೊದಲೇ ಗೇರಿನ ಲೆಕ್ಕ ಬೆರಳಿಗೆ ಹತ್ತಿದ್ದರೆ ಕೆಟ್ಟದ್ದೇನೂ ಆಗದು.

ಎರಡನೆಯ ಚಿಂತೆಯನ್ನು ಹೆತ್ತವರು ಮಾಡುವುದೇ ಇಲ್ಲ, ಮಾಡಬೇಕಾದದ್ದು ಅದನ್ನೇ: ಬ್ಯಾಟರಿ. ಹಗುರವೂ ಶಕ್ತಿಶಾಲಿಯೂ ಆದ ಲಿಥಿಯಂ ಪಾಲಿಮರ್ ಬ್ಯಾಟರಿ ಚುಚ್ಚಿದರೆ, ಮಿತಿಮೀರಿ ಚಾರ್ಜು ಮಾಡಿದರೆ ಹೊತ್ತಿ ಉರಿಯುತ್ತದೆ. ಎರಡು ಕೋಶದ ಬ್ಯಾಟರಿಯನ್ನು 8.4 ವೋಲ್ಟಿಗಿಂತ ಮೇಲೆ ತುಂಬಿಸಬಾರದು. ಪ್ರತಿ ಕೋಶವೂ 3 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ರಾತ್ರಿ ಚಾರ್ಜಿಗೆ ಹಾಕಿ ಮಲಗುವುದು, ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸುವುದು ಎರಡೂ ಕೂಡದು. ಮೊದಲ ಗಾಡಿಗೆ ಆರು ಕೋಶದ, 7.2 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿಯೇ ಸಾಕು. ತುಸು ಭಾರ, ಆದರೆ ಇಷ್ಟು ಮುಂಗೋಪಿಯಲ್ಲ.

ನಾಲ್ಕು ತಾಲ್ಲೂಕು, ನಾಲ್ಕು ಪರೀಕ್ಷೆ

ಗಾಡಿ ಸಿದ್ಧವಾದ ಮೇಲೆ ಈ ಭಾಗದವರಷ್ಟು ಅದೃಷ್ಟವಂತರು ಕಡಿಮೆ. ಹಾನಗಲ್ಲಿನ ಕೆರೆಯಂಚಿನ ಗದ್ದೆಬಯಲಿನಲ್ಲಿ ನೀರು, ಹುಲ್ಲು, ಒಡ್ಡು. ಶಿಗ್ಗಾವಿಯ ಕಡೆ ಗರಸು ನೆಲ. ಹಿರೇಕೆರೂರಿನ ಕಡೆ, ಗುಡ್ಡಗಳ ನಡುವೆ ಕುಮುದ್ವತಿಗೆ ಕಟ್ಟಿದ ಮದಗದ ಕೆರೆಯ ಸುತ್ತ, ಕಲ್ಲಿನ ಏರು. ಹೊಲದ ಒಂದಡಿ ಎತ್ತರದ ಬದು ಈ ಜೀಪಿನೊಳಗೆ ಕೂತವನಿಗೆ ಹತ್ತಡಿಯ ಗೋಡೆ. ಅದನ್ನು ನೇರ ಹತ್ತಬೇಕೋ ಓರೆಯಾಗಿ ಹತ್ತಬೇಕೋ ಎಂದು ನೆಲಕ್ಕೆ ಕಣ್ಣು ತಾಗಿಸಿ ಲೆಕ್ಕ ಹಾಕುವುದರಲ್ಲಿ ಸಂಜೆಯಾಗುತ್ತದೆ.

ಎಲ್ಲಕ್ಕಿಂತ ಕಠಿಣ ಪರೀಕ್ಷಕ ಸವಣೂರಿನ ಎರೆಮಣ್ಣು. ಬೇಸಿಗೆಯಲ್ಲಿ ಅದು ಬಿಟ್ಟ ಬಿರುಕಿಗೆ ಗಾಲಿ ಪೂರ್ತಿ ಇಳಿದುಬಿಡುತ್ತದೆ. ಮಳೆ ಬಿದ್ದರೆ ಇನ್ನೂ ಫಜೀತಿ. ಗಾಡಿ ಹತ್ತನೇ ಒಂದಾಯಿತು, ಮಣ್ಣಿನ ಜಿಗುಟು ಹಾಗೆಯೇ ಉಳಿಯಿತು! ನಿಜವಾದ ಟೈರಿಗೆ ಅಂಟಿದ ಮುಷ್ಟಿ ಮಣ್ಣು ಲೆಕ್ಕಕ್ಕಿಲ್ಲ. ಈ ಟೈರಿಗೆ ಅದೇ ಮುಷ್ಟಿ ಮಣ್ಣು ಅಂಟಿದರೆ ಗಾಲಿಯೇ ಕಾಣದಾಗಿ ಮಡ್‌ಗಾರ್ಡಿಗೆ ಕಚ್ಚಿಕೊಂಡು ಮೋಟಾರು ಬಿಸಿಯಾಗುತ್ತದೆ. ಆಗ ರಿಮೋಟು ಬಿಡಬೇಕು, ಬ್ಯಾಟರಿಯ ತಂತಿ ಕಳಚಬೇಕು. ಮನೆಗೆ ಬಂದ ಕೂಡಲೇ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅಚ್ಚು, ಬೇರಿಂಗುಗಳ ಸಂದಿಯ ಮಣ್ಣು ತೆಗೆಯಬೇಕು. ಒಂದು ರಾತ್ರಿ ಬಿಟ್ಟರೆ ಅದು ಒಣಗಿ ಕಲ್ಲಾಗಿರುತ್ತದೆ, ಮರುದಿನ ಎಲ್ಲ ಸ್ಕ್ರೂ ಬಿಚ್ಚಿ ಮೊದಲಿನಿಂದ ಜೋಡಿಸುವುದೇ ಕೆಲಸ.