ಬೆಳೆ, ಹದ ಮತ್ತು ಹೆಸರು: ಬರ್ಗಂಡಿಯ ದ್ರಾಕ್ಷಿ ಒಕ್ಕಲುಗಳೂ ಗುಂಡ್ಲುಪೇಟೆ ಸೀಮೆಯ ಅರಿಶಿನ ಒಕ್ಕಲುಗಳೂ

ಚಾಮರಾಜನಗರದಿಂದ ತೆರಕಣಾಂಬಿಯ ಮಾರ್ಗವಾಗಿ ಗುಂಡ್ಲುಪೇಟೆಗೆ ಹೋಗುವವರಿಗೆ ವರ್ಷದಲ್ಲಿ ಎರಡು ಸಲ ಎರಡು ಬಗೆಯ ಹಳದಿ ಕಣ್ಣಿಗೆ ಬೀಳುತ್ತದೆ. ಮುಂಗಾರಿನ ದಿನಗಳಲ್ಲಿ ಕಾಣುವುದು ಚೆಂಡುಹೂವಿನ ಹೊಲ. ಮಾಘ ಫಾಲ್ಗುಣಗಳಲ್ಲಿ ಕಾಣುವುದು ಕಣದಲ್ಲಿ ಹರಡಿದ ಅರಿಶಿನ. ಎರಡೂ ಬಣ್ಣಕ್ಕಾಗಿ ಬೆಲೆಬಾಳುವ ಪದಾರ್ಥಗಳೇ. ಆದರೆ ಇವುಗಳ ನಡುವೆ ಒಂದು ಮುಖ್ಯವಾದ ಭೇದವಿದೆ. ಚೆಂಡುಹೂವು ಬಹುಮಟ್ಟಿಗೆ ಮೊದಲೇ ಮಾಡಿಕೊಂಡ ಒಪ್ಪಂದದಂತೆ, ಕೊಯ್ದ ಹಾಗೆಯೇ, ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ. ಅರಿಶಿನವಾದರೋ ಹಸಿಯಾಗಿ ಊರು ಬಿಡುವುದು ಅಪರೂಪ. ಅದನ್ನು ಬೇಯಿಸಿ, ಒಣಗಿಸಿ, ಉಜ್ಜಿ ಹೊಳಪು ಕೊಟ್ಟು ಸರಕಾಗಿ ಮಾಡುವವನು ಅದನ್ನು ಬೆಳೆದ ಒಕ್ಕಲಿಗನೇ ಆಗಿದ್ದಾನೆ.

ಬೆಳೆದವನೇ ಹದಮಾಡುವವನೂ ಆಗಿರುವ ಈ ವ್ಯವಸ್ಥೆಗೆ ಪ್ರಪಂಚದಲ್ಲಿ ಅತ್ಯಂತ ಪ್ರಸಿದ್ಧವಾದ ಉದಾಹರಣೆ ಫ್ರಾನ್ಸಿನ ಬರ್ಗಂಡಿ ಪ್ರಾಂತದ ಸಣ್ಣ ವೈನು ಮನೆತನಗಳು. ಫ್ರೆಂಚ್ ಭಾಷೆಯಲ್ಲಿ ‘ವಿನ್ಯೆರೋನ್’ ಎಂಬ ಒಂದೇ ಮಾತು ದ್ರಾಕ್ಷಿ ಬೆಳೆಯುವವನಿಗೂ ಅದರಿಂದ ವೈನು ಮಾಡುವವನಿಗೂ ಸಲ್ಲುತ್ತದೆ. ತುಂಡು ಭೂಮಿಯಿಂದ ಜೀವಿಸುವ ಆ ಮನೆತನಗಳ ಹೆಸರು ಇಂದು ದೂರದೂರದ ದೇಶಗಳಲ್ಲಿಯೂ ಪರಿಚಿತವಾಗಿದೆ. ಗುಂಡ್ಲುಪೇಟೆಯ ಒಕ್ಕಲಿಗನ ಹೆಸರು ಮಾರುಕಟ್ಟೆಯ ಹರಾಜುಕಟ್ಟೆಯನ್ನು ದಾಟುವುದಿಲ್ಲ. ಇದಕ್ಕೆ ಕಾರಣವೇನು? ಮಣ್ಣಿನ ಗುಣವೆಂದೋ ಜನರ ಕೌಶಲವೆಂದೋ ಉತ್ತರ ಹೇಳುವುದು ಸುಲಭ. ಆದರೆ ಇತಿಹಾಸವನ್ನು ಪರಿಶೀಲಿಸಿದರೆ ಬೇರೆಯೇ ಉತ್ತರ ದೊರೆಯುತ್ತದೆ. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

೧

ಬರ್ಗಂಡಿಯ ಹಿಡುವಳಿಗಳು ಮೊದಲಿನಿಂದಲೂ ಸಣ್ಣವಾಗಿರಲಿಲ್ಲ. ೧೦೯೮ರಲ್ಲಿ ಸ್ಥಾಪಿತವಾದ ಸೀತೋ ಮಠದ ಸಂನ್ಯಾಸಿಗಳು ಅಲ್ಲಿ ವಿಸ್ತಾರವಾದ ತೋಟಗಳನ್ನು ಬೆಳೆಸಿದ್ದರು. ‘ಕ್ಲೋ ದ ವೂಜೋ’ ಎಂಬ ಕಲ್ಲುಗೋಡೆಯ ತೋಟ ಅವರದೇ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಮಠದ ಆಸ್ತಿ ರಾಷ್ಟ್ರದ ವಶವಾಗಿ ಹರಾಜಾಯಿತು. ಅನಂತರ ೧೮೦೪ರ ನೆಪೋಲಿಯನ್ ಸಂಹಿತೆ ತಂದೆಯ ಆಸ್ತಿಯನ್ನು ಮಕ್ಕಳೆಲ್ಲರಿಗೂ ಸಮನಾಗಿ ಹಂಚಬೇಕೆಂದು ವಿಧಿಸಿತು. ತಲೆಮಾರಿನಿಂದ ತಲೆಮಾರಿಗೆ ತೋಟಗಳು ಒಡೆದು ಹೋಳಾದುವು. ಇಂದು ಕ್ಲೋ ದ ವೂಜೋವಿನ ಸುಮಾರು ೫೦ ಹೆಕ್ಟೇರುಗಳಲ್ಲಿ ೮೦ರಷ್ಟು ಒಡೆಯರಿದ್ದಾರೆ. ಸರಾಸರಿ ತೆಗೆದರೆ ಒಬ್ಬೊಬ್ಬರಿಗೆ ಒಂದೂವರೆ ಎಕರೆ. ನಮ್ಮ ಕಡೆ ಅಣ್ಣತಮ್ಮಂದಿರ ಪಾಲಿನಿಂದ ಸರ್ವೆ ನಂಬರುಗಳು ಒಡೆದುಹೋದ ಬಗೆಯನ್ನು ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ. ಹಿಡುವಳಿಯ ಅಳತೆಯಲ್ಲಿ ಆ ವಿನ್ಯೆರೋನನಿಗೂ ನಮ್ಮ ಒಕ್ಕಲಿಗನಿಗೂ ಹೆಚ್ಚಿನ ಅಂತರವಿಲ್ಲವೆಂಬುದನ್ನು ಮೊದಲು ಲಕ್ಷ್ಯದಲ್ಲಿಡಬೇಕು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸಣ್ಣ ಬೆಳೆಗಾರರಿಗೆ ಹೆಸರಿರಲಿಲ್ಲ. ಅವರು ದ್ರಾಕ್ಷಿಯನ್ನೋ ಪೀಪಾಯಿಯಲ್ಲಿ ತುಂಬಿದ ಹೊಸ ವೈನನ್ನೋ ಬೋನ್ ಮೊದಲಾದ ಪಟ್ಟಣಗಳ ವರ್ತಕರಿಗೆ ಮಾರುತ್ತಿದ್ದರು. ವರ್ತಕನು ಹಲವರ ಸರಕನ್ನು ಬೆರೆಸಿ, ತನ್ನ ನೆಲಮಾಳಿಗೆಯಲ್ಲಿ ಇರಿಸಿ, ತನ್ನ ಹೆಸರಿನ ಶೀಸೆಗಳಲ್ಲಿ ಮಾರುತ್ತಿದ್ದನು. ೧೮೭೮ರ ಸುಮಾರಿಗೆ ಫಿಲಾಕ್ಸೆರಾ ಎಂಬ ಬೇರುಹುಳು ಅಲ್ಲಿಗೂ ಬಂದು ತೋಟಗಳನ್ನು ಹಾಳುಮಾಡಿತು. ಅಮೆರಿಕದ ಬಳ್ಳಿಯ ಬೇರಿನ ಮೇಲೆ ಊರಿನ ಬಳ್ಳಿಯನ್ನು ಕಸಿಮಾಡಿ ತೋಟಗಳನ್ನು ಮತ್ತೆ ಎಬ್ಬಿಸುವ ವೇಳೆಗೆ ಮತ್ತೊಂದು ಪಿಡುಗು ತಲೆದೋರಿತ್ತು. ಬೇರೆ ಪ್ರಾಂತಗಳ ಅಗ್ಗದ ವೈನನ್ನು ಬರ್ಗಂಡಿಯ ಗ್ರಾಮಗಳ ಹೆಸರಿನಲ್ಲಿ ಮಾರುವ ಮೋಸವೇ ಅದು. ದಕ್ಷಿಣ ಫ್ರಾನ್ಸಿನಲ್ಲಿ ಧಾರಣೆಯ ಕುಸಿತದಿಂದಲೂ ಕಲಬೆರಕೆಯಿಂದಲೂ ರೊಚ್ಚಿಗೆದ್ದ ಬೆಳೆಗಾರರು ೧೯೦೭ರಲ್ಲಿ ಲಕ್ಷಗಟ್ಟಲೆಯಾಗಿ ಬೀದಿಗಿಳಿದರು. ನಾರ್ಬೋನ್ ಪಟ್ಟಣದಲ್ಲಿ ಗುಂಡಿನ ದಾಳಿಯಾಗಿ ಜನರು ಸತ್ತರು. ಇಂದು ಶೀಸೆಯ ಮೇಲೆ ಕಾಣುವ ಸುಂದರವಾದ ಚೀಟಿಯ ಹಿಂದೆ ಇಂಥ ಇತಿಹಾಸವಿದೆ.

೨

ಈ ಸ್ಥಿತಿಯಿಂದ ಬೆಳೆಗಾರನು ಮೇಲೇರಿದುದು ಮೂರು ಮೆಟ್ಟಿಲುಗಳಲ್ಲಿ.

ಮೊದಲನೆಯದು ಬರಹ. ಯಾವ ತಾಕಿನ ವೈನು ಎಂಥದೆಂಬ ತಿಳಿವಳಿಕೆ ಜನರ ಬಾಯಲ್ಲಿ ಬಹುಕಾಲದಿಂದ ಇತ್ತು. ೧೮೫೫ರಲ್ಲಿ ಜೂಲ್ ಲಾವಾಲ್ ಎಂಬ ವೈದ್ಯನು ಕೋತ್ ದೋರ್ ಜಿಲ್ಲೆಯ ತೋಟಗಳನ್ನು ಗ್ರಾಮವಾರು ಪರಿಶೀಲಿಸಿ, ದರ್ಜೆಗಳನ್ನು ಗೊತ್ತುಮಾಡಿ ಗ್ರಂಥವನ್ನು ಬರೆದನು. ೧೮೬೧ರಲ್ಲಿ ಬೋನಿನ ಕೃಷಿಸಮಿತಿ ಅದನ್ನು ಅನುಸರಿಸಿ ತನ್ನ ವರ್ಗೀಕರಣವನ್ನು ಹೊರಡಿಸಿತು. ಮುಂದೆ ಕಾನೂನು ಬಂದಾಗ ಅದಕ್ಕೆ ಆಧಾರವಾದುದು ಈ ಬರಹಗಳೇ.

ಎರಡನೆಯದು ಕಾನೂನು. ೧೯೦೫ರ ಶಾಸನ ಮೋಸದ ಮಾರಾಟವನ್ನು ಅಪರಾಧವೆಂದು ಸಾರಿತು. ೧೯೧೯ರ ಶಾಸನ ಹೆಸರಿನ ದುರುಪಯೋಗದ ವಿರುದ್ಧ ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನು ಕೊಟ್ಟಿತು. ೧೯೩೫ರಲ್ಲಿ ‘ನಿಯಂತ್ರಿತ ಮೂಲನಾಮ’ ಪದ್ಧತಿ ಜಾರಿಗೆ ಬಂದಿತು. ಇದರಂತೆ ಒಂದು ಸ್ಥಳದ ಹೆಸರನ್ನು ಶೀಸೆಯ ಮೇಲೆ ಹಾಕಬೇಕಾದರೆ ದ್ರಾಕ್ಷಿ ಆ ಎಲ್ಲೆಯೊಳಗೇ ಬೆಳೆದಿರಬೇಕು. ತಳಿ, ಇಳುವರಿಯ ಮಿತಿ, ತಯಾರಿಕೆಯ ಕ್ರಮ ಎಲ್ಲವೂ ನಿಯಮದಂತೆ ಇರಬೇಕು. ಹೆಸರು ವರ್ತಕನ ಆಸ್ತಿಯಾಗಿ ಉಳಿಯದೆ ನೆಲದ ಆಸ್ತಿಯಾಯಿತು.

ಮೂರನೆಯದು ತಾನೇ ಶೀಸೆಗೆ ತುಂಬುವ ಧೈರ್ಯ. ೧೯೨೦ ಮತ್ತು ೧೯೩೦ರ ದಶಕಗಳಲ್ಲಿ ವೊಲ್ನೇ ಗ್ರಾಮದ ದಾಂಜರ್ವಿಲ್, ನ್ವಿ-ಸೇಂ-ಜಾರ್ಜಿನ ಗೂಜ್ ಮೊದಲಾದ ಮನೆತನಗಳವರು ವರ್ತಕರ ಕಲಬೆರಕೆಯನ್ನು ಬಹಿರಂಗವಾಗಿ ವಿರೋಧಿಸಿ, ತಮ್ಮ ವೈನನ್ನು ತಾವೇ ಶೀಸೆಗಳಲ್ಲಿ ತುಂಬಿ ಮಾರತೊಡಗಿದರು. ಇದು ಸುಲಭವಾದ ಕೆಲಸವಲ್ಲ. ವರ್ತಕನಿಗೆ ಪೀಪಾಯಿಯನ್ನು ಕೊಟ್ಟರೆ ಹಣ ಕೂಡಲೇ ಕೈಸೇರುತ್ತದೆ. ಸ್ವಂತವಾಗಿ ಮಾರಬೇಕಾದರೆ ೨೨೮ ಲೀಟರಿನ ಓಕ್ ಮರದ ಪೀಪಾಯಿಗಳಲ್ಲಿ ವರ್ಷ, ಒಂದೂವರೆ ವರ್ಷ ಅದನ್ನು ಮಾಗಿಸಿ, ಗಿರಾಕಿಯನ್ನು ತಾನೇ ಹುಡುಕಬೇಕು. ಅಷ್ಟು ಕಾಲ ಕಾಯುವ ಶಕ್ತಿ ಇಲ್ಲದವನಿಗೆ ಹೆಸರಿದ್ದೂ ಪ್ರಯೋಜನವಿಲ್ಲ. ಆ ಶಕ್ತಿ ಒಬ್ಬೊಬ್ಬರಿಗೇ ಇಲ್ಲದ ಕಡೆ ಸಹಕಾರ ಸಂಘಗಳು ನೆರವಾದುವು. ದಕ್ಷಿಣದ ಮಾರೋಸಾನ್ ಗ್ರಾಮದಲ್ಲಿ ೧೯೦೧ರಲ್ಲಿಯೇ ಬೆಳೆಗಾರರು ಒಟ್ಟಾಗಿ ವೈನು ಮಾರುವ ಸಂಘ ಕಟ್ಟಿಕೊಂಡಿದ್ದರು.

೩

ಈ ಮೂರು ಮೆಟ್ಟಿಲುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಕಡೆಗೆ ತಿರುಗೋಣ. ಕರ್ನಾಟಕದಲ್ಲಿಯೂ ವೈನು ತಯಾರಾಗುತ್ತದೆ. ನಂದಿಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ಮನೆತನದವರು ಫ್ರೆಂಚ್ ತಜ್ಞರ ಸಹಾಯದಿಂದ ೧೯೮೦ರ ದಶಕದ ಕೊನೆಯಲ್ಲಿ ತೋಟವನ್ನು ಆರಂಭಿಸಿದರು. ೨೦೦೭ರಲ್ಲಿ ರಾಜ್ಯಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನು ನೀತಿಯನ್ನು ಪ್ರಕಟಿಸಿತು. ಆದರೂ ಇಲ್ಲಿ ವೈನು ಮಾಡುವುದಕ್ಕೆ ಅಬಕಾರಿ ಪರವಾನಗಿಯೂ ದೊಡ್ಡ ಬಂಡವಾಳವೂ ಬೇಕು. ಬೆಂಗಳೂರು ನೀಲಿ ದ್ರಾಕ್ಷಿಯ ಸಾಮಾನ್ಯ ಬೆಳೆಗಾರನು ಹಣ್ಣು ಮಾರುವವನಾಗಿಯೇ ಉಳಿದಿದ್ದಾನೆ. ವಿನ್ಯೆರೋನನಂತೆ ಬೆಳೆಯೊಡನೆ ಹದವನ್ನೂ ಕೈಯಲ್ಲಿಟ್ಟುಕೊಂಡ ಸಣ್ಣ ಒಕ್ಕಲುಗಳು ಬೇಕೆಂದರೆ ಅರಿಶಿನದ ಸೀಮೆಗೇ ಹೋಗಬೇಕು. ಅರಿಶಿನ ಬೇಯಿಸುವುದಕ್ಕೆ ಯಾರ ಪರವಾನಗಿಯೂ ಬೇಕಿಲ್ಲ.

ಚಾಮರಾಜನಗರ ಜಿಲ್ಲೆ ರಾಜ್ಯದ ಮುಖ್ಯ ಅರಿಶಿನ ಪ್ರದೇಶ. ಮುಂಗಾರು ಕೂಡುವ ಹೊತ್ತಿಗೆ ಗೆಡ್ಡೆಯನ್ನು ನೆಡುತ್ತಾರೆ. ಸಾಲುಗಳ ನಡುವೆ ಮೆಣಸಿನಕಾಯಿ, ಸಣ್ಣ ಈರುಳ್ಳಿ ಮೊದಲಾದುವನ್ನು ಬೆಳೆದುಕೊಳ್ಳುವುದೂ ಉಂಟು. ಎಂಟೊಂಬತ್ತು ತಿಂಗಳ ಮೇಲೆ ಎಲೆಗಳು ಹಳದಿಗೆ ತಿರುಗಿ ಒಣಗಿದಾಗ ಅಗೆದು ತೆಗೆದು, ತಾಯಿಗೆಡ್ಡೆಯನ್ನೂ ಕೊಂಬನ್ನೂ ಬಿಡಿಸುತ್ತಾರೆ. ನಿಜವಾದ ಪರೀಕ್ಷೆ ಆಮೇಲಿನದು. ಬೇಯಿಸುವುದರಿಂದ ಗೆಡ್ಡೆಯ ಮೊಳೆಯುವ ಶಕ್ತಿ ಅಡಗುತ್ತದೆ, ಒಳಗಿನ ಪಿಷ್ಟ ಗಂಜಿಗಟ್ಟುತ್ತದೆ, ಬಣ್ಣ ಒಂದೇ ಸಮನಾಗಿ ಹರಡುತ್ತದೆ, ಒಣಗುವ ಕಾಲ ಕಡಮೆಯಾಗುತ್ತದೆ. ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ಬೆಂದು, ನೊರೆ ಬಂದು, ಬಿಳಿಯ ಹಬೆಯೊಡನೆ ಅರಿಶಿನದ ವಾಸನೆ ಎದ್ದಾಗ ಹದವಾಯಿತೆಂದು ತಿಳಿಯುತ್ತಾರೆ. ಹೆಚ್ಚು ಬೆಂದರೆ ಬಣ್ಣ ಕೆಡುತ್ತದೆ. ಕಡಮೆ ಬೆಂದರೆ ಕೊಂಬು ಒಣಗಿದ ಮೇಲೆ ಪುಡಿಯಾಗುತ್ತದೆ. ಬೆರಳಿನಿಂದ ಒತ್ತಿ, ಕಡ್ಡಿಯಿಂದ ಚುಚ್ಚಿ ಇದನ್ನು ನಿರ್ಣಯಿಸುವ ರೈತನ ತಿಳಿವಳಿಕೆ, ಪೀಪಾಯಿಯ ವೈನನ್ನು ನಾಲಗೆಯಿಂದ ನಿರ್ಣಯಿಸುವ ವಿನ್ಯೆರೋನನ ತಿಳಿವಳಿಕೆಗೆ ಕಡಮೆಯದಲ್ಲ. ಹಿಂದೆ ಕೊಪ್ಪರಿಗೆಗಳಲ್ಲಿ ನಡೆಯುತ್ತಿದ್ದ ಈ ಕೆಲಸಕ್ಕೆ ಈಗ ಬಾಡಿಗೆಯ ಹಬೆಯಂತ್ರಗಳು ಬಂದಿವೆ. ಆದರೆ ಹದವನ್ನು ಹೇಳುವ ಮಾತು ಮನೆಯವರದೇ. ಹತ್ತು ಹದಿನೈದು ದಿನ ಬಿಸಿಲಿನಲ್ಲಿ ಒಣಗಿಸಿ, ಪೀಪಾಯಿಯಂಥ ಯಂತ್ರದಲ್ಲಿ ತಿರುಗಿಸಿ ಉಜ್ಜಿದ ಮೇಲೆ ಹಸಿ ತೂಕದ ಸುಮಾರು ಐದರಲ್ಲಿ ಒಂದು ಪಾಲು ಮಾತ್ರ ಸರಕಾಗಿ ಉಳಿಯುತ್ತದೆ.

ಹೀಗೆ ಹದ ಕೈಯಲ್ಲಿದ್ದರೂ ಹೆಸರು ಕೈಯಲ್ಲಿಲ್ಲ. ಅರಿಶಿನ ಚಾಮರಾಜನಗರದ ಮಾರುಕಟ್ಟೆಯಲ್ಲಿಯೂ ಘಟ್ಟ ಇಳಿದು ಈರೋಡಿನ ದೊಡ್ಡ ಮಾರುಕಟ್ಟೆಯಲ್ಲಿಯೂ ಮಾರಾಟವಾಗುತ್ತದೆ. ವರ್ತಕನು ಕೊಂಬಿನ ಉದ್ದ, ಗಟ್ಟಿತನ, ಬಣ್ಣ, ಒಣಗಿದ ಬಗೆ ಇವುಗಳನ್ನು ನೋಡಿ ಬೆಲೆ ಕೂಗುತ್ತಾನೆ. ಯಾವ ಊರಿನ ಯಾವ ಮನೆಯದೆಂಬುದು ಅಲ್ಲಿಂದ ಮುಂದೆ ಯಾರಿಗೂ ಬೇಕಿಲ್ಲ. ಚೀಲಗಳು ಒಂದರೊಡನೊಂದು ಬೆರೆಯುತ್ತವೆ. ‘ಈರೋಡು ಅರಿಶಿನ’ಕ್ಕೆ ೨೦೧೯ರಲ್ಲಿ ಭೌಗೋಳಿಕ ಸೂಚಕದ ರಕ್ಷಣೆ ದೊರೆಯಿತು. ಇಂಥ ಹೆಸರು ಗೊತ್ತುಪಡಿಸಿದ ಎಲ್ಲೆಯೊಳಗಿನ ಬೆಳೆಗೆ ಮಾತ್ರ ಸಲ್ಲುತ್ತದೆ. ಆದುದರಿಂದ ಗಡಿಯ ಈಚೆಗಿನ ರೈತನು ಅದೇ ಮಾರುಕಟ್ಟೆಯಲ್ಲಿ ಮಾರಿದರೂ ಆ ಹೆಸರಿಗೆ ಹಕ್ಕುದಾರನಾಗುವುದಿಲ್ಲ.

ಕಾಯುವ ಶಕ್ತಿಯ ವಿಷಯವೂ ಹೀಗೆಯೇ. ಚೆನ್ನಾಗಿ ಒಣಗಿದ ಅರಿಶಿನವನ್ನು ತಂಪಾದ ಉಗ್ರಾಣದಲ್ಲಿ ಒಂದು ವರ್ಷ ಇರಿಸಬಹುದು. ಆದರೆ ಸಾಲದ ಗಡುವು ಕಾಯುವುದಿಲ್ಲ. ೨೦೧೦ರಲ್ಲಿ ಕ್ವಿಂಟಲಿಗೆ ೧೫,೦೦೦ ರೂಪಾಯಿಗಳನ್ನು ಮೀರಿದ್ದ ಈರೋಡಿನ ಧಾರಣೆ ೨೦೧೨ರಲ್ಲಿ ೫,೦೦೦ಕ್ಕೂ ಕೆಳಗಿಳಿಯಿತು. ಕೇಂದ್ರಸರ್ಕಾರದ ಕನಿಷ್ಠ ಬೆಂಬಲಬೆಲೆಯ ಪಟ್ಟಿಯಲ್ಲಿ ಅರಿಶಿನ ಸೇರಿಲ್ಲ. ಬೆಲೆ ಏರಿದ ವರ್ಷ ನೆಟ್ಟು, ಇಳಿದ ವರ್ಷ ಅಗೆಯುವ ದುರ್ದೈವ ಇಲ್ಲಿ ಪದೇಪದೇ ಒದಗುತ್ತದೆ. ಉಗ್ರಾಣದ ರಸೀದಿಯ ಮೇಲೆ ಸಾಲ ಪಡೆಯಲು ೨೦೦೭ರ ಉಗ್ರಾಣ ಶಾಸನವೂ, ಬೆಳೆಯ ಅಭಿವೃದ್ಧಿಗೆ ೨೦೨೫ರ ಜನವರಿಯಲ್ಲಿ ನಿಜಾಮಾಬಾದಿನಲ್ಲಿ ಆರಂಭವಾದ ರಾಷ್ಟ್ರೀಯ ಅರಿಶಿನ ಮಂಡಳಿಯೂ ಈಗ ಇವೆ. ಇವುಗಳ ಪ್ರಯೋಜನ ಎರಡೆಕರೆಯ ಮನೆಗೆ ಎಷ್ಟು ಮುಟ್ಟುತ್ತದೆಂಬುದೇ ಮುಖ್ಯ ಪ್ರಶ್ನೆ.

೪

ಹಾಗಾದರೆ ಹೆಸರೊಂದು ದೊರೆತರೆ ಎಲ್ಲವೂ ಸರಿಹೋಗುವುದೇ? ಎರಡು ಎಚ್ಚರಿಕೆಗಳು ಅಗತ್ಯ. ನೆರೆಯ ನಂಜನಗೂಡಿನ ರಸಬಾಳೆಗೆ ಭೌಗೋಳಿಕ ಸೂಚಕವಿದೆ. ಆದರೆ ಪನಾಮಾ ಸೊರಗುರೋಗದಿಂದ ಅದರ ತೋಟಗಳೇ ವಿರಳವಾಗಿವೆ. ಬೆಳೆಯೇ ಇಲ್ಲದ ಹೆಸರು ನೆನಪಿಗೆ ಸಮಾನ. ಇನ್ನೊಂದು ಎಚ್ಚರಿಕೆ ಬರ್ಗಂಡಿಯಿಂದಲೇ ಬರುತ್ತದೆ. ಅಲ್ಲಿನ ‘ಕ್ಲಿಮಾ’ಗಳೆಂಬ ೧೨೪೭ ತಾಕುಗಳು ೨೦೧೫ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಆದರೆ ಕೀರ್ತಿ ಏರಿದಂತೆ ಭೂಮಿಯ ಬೆಲೆಯೂ ಏರಿ, ವಾರಸು ತೆರಿಗೆ ಕಟ್ಟಲಾರದೆ, ಇತರ ಪಾಲುದಾರರ ಅಂಶವನ್ನು ಕೊಳ್ಳಲಾರದೆ ಮನೆತನಗಳು ಕಷ್ಟಕ್ಕೆ ಸಿಕ್ಕುತ್ತಿವೆ. ಕ್ಲೋ ದೆ ಲಾಂಬ್ರೇ ೨೦೧೪ರಲ್ಲಿ, ಕ್ಲೋ ದ ತಾರ್ ೨೦೧೭ರಲ್ಲಿ ಬಹು ದೊಡ್ಡ ಧನಿಕ ಸಂಸ್ಥೆಗಳ ಪಾಲಾದುವು. ಹೆಸರು ಮನೆಯನ್ನು ಉಳಿಸಿದಂತೆಯೇ ಮನೆಯವರನ್ನು ಹೊರಗೆ ಹಾಕಲೂಬಲ್ಲುದು.

ಇಷ್ಟಾದರೂ ಮೂರು ಮೆಟ್ಟಿಲುಗಳ ಕ್ರಮದಲ್ಲಿ ನಾವು ಕಲಿಯಬೇಕಾದ ಪಾಠವಿದೆ. ಕಾನೂನಿಗೂ ಮಾರಾಟಕ್ಕೂ ಮೊದಲು ಬರಹವಿತ್ತು. ಕಪ್ಪುಮಣ್ಣಿನ ಅರಿಶಿನಕ್ಕೂ ಕೆಮ್ಮಣ್ಣಿನ ಅರಿಶಿನಕ್ಕೂ ಇರುವ ಭೇದವೇನು, ಯಾವ ಊರಿನವರು ಯಾವ ತಳಿಯನ್ನು ಏತಕ್ಕೆ ಉಳಿಸಿಕೊಂಡಿದ್ದಾರೆ, ಯಾವ ಕೆರೆಯ ಕೆಳಗಿನ ಕೊಂಬಿನಲ್ಲಿ ಬಣ್ಣದ ಅಂಶವಾದ ಕುರ್ಕುಮಿನ್ ಎಷ್ಟು, ಯಾವ ಮನೆಯ ಬೇಯಿಸುವ ಕ್ರಮ ಹೇಗೆ ಎಂಬ ವಿಷಯಗಳು ಇಂದಿಗೂ ಬಹುಮಟ್ಟಿಗೆ ಹಿರಿಯರ ಮಾತಿನಲ್ಲಿಯೇ ಇವೆ. ಕಾಗದದ ಮೇಲೆ ಬಾರದ ತಿಳಿವಳಿಕೆಯನ್ನು ಯಾವ ನ್ಯಾಯಾಲಯವೂ ಯಾವ ಮಂಡಳಿಯೂ ಹೆಸರಿನ ಆಧಾರವಾಗಿ ಒಪ್ಪುವುದಿಲ್ಲ. ಇದಕ್ಕೆ ದೊಡ್ಡ ಹಣ ಬೇಕಾಗಿಲ್ಲ. ಈ ತಾಲ್ಲೂಕುಗಳ ಹಳ್ಳಿಗಳಿಂದಲೇ ಕಾಲೇಜಿಗೆ ಬರುವ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ವಿವರವನ್ನು ಒಂದೊಂದು ಸುಗ್ಗಿಯಲ್ಲಿ ಬರೆದಿಟ್ಟರೆ, ಭೂಗೋಳ, ರಸಾಯನ, ಅರ್ಥಶಾಸ್ತ್ರಗಳ ಅಧ್ಯಾಪಕರು ಅದನ್ನು ತಿದ್ದಿ ಸೇರಿಸಿದರೆ, ಕೆಲವೇ ವರ್ಷಗಳಲ್ಲಿ ಗ್ರಾಮವಾರು ದಾಖಲೆಯೊಂದು ಸಿದ್ಧವಾಗುತ್ತದೆ. ಹದ ಬಲ್ಲ ಹಿರಿಯರು ಇರುವಾಗಲೇ ಅದು ಆಗಬೇಕು. ಬೆಳೆಯನ್ನು ರೈತನು ಬೆಳೆದಿದ್ದಾನೆ. ಹದವನ್ನು ಅವನ ಮನೆಯವರು ಕಾಪಾಡಿದ್ದಾರೆ. ಹೆಸರಿಗೆ ಬೇಕಾದ ಮೊದಲ ಬರಹ ನಮ್ಮ ಪಾಲಿನ ಕೆಲಸವಾಗಿದೆ.