ಕ್ರಿಕೆಟ್ ಹರಟೆಯಲ್ಲಿ ಆರೋಗ್ಯದ ಸುಳಿವು

ಬೇಸಿಗೆಯ ಬಿಸಿಲಿನ ಜೊತೆಗೇ ಐಪಿಎಲ್ ಹಂಗಾಮು ಬರುತ್ತದೆ. ವಿಜಯಪುರ ನಗರವಿರಲಿ, ತಿಕೋಟಾ, ಬಬಲೇಶ್ವರಗಳಿರಲಿ, ಪಂದ್ಯದ ವೇಳೆ ಟಿವಿಯ ಮೇಲಿರುವಷ್ಟೇ ಕಣ್ಣು ಮೊಬೈಲಿನ ಮೇಲೂ ಇರುತ್ತದೆ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ಈ ಸಲ ಕಪ್ ನಮ್ದೆ’ ಎಂಬ ಘೋಷಣೆ, ಎದುರಾಳಿಗಳ ಗೇಲಿ, ಸೋತರೆ ಬೈಗುಳ. ಇದು ಬರೀ ಹರಟೆಯಲ್ಲ. ಗಮನವಿಟ್ಟು ಓದಿದರೆ ಮನೆಯವರ ಆರೋಗ್ಯದ ಸುಳಿವೂ ಅದರಲ್ಲಿ ಸಿಗುತ್ತದೆ.

ಮೊದಲು ಸಂದೇಶದ ವೇಳೆ ನೋಡಿರಿ. ರಾತ್ರಿ 7.30ಕ್ಕೆ ಆರಂಭವಾದ ಪಂದ್ಯ ಮುಗಿಯುವಾಗ 11 ಗಂಟೆ ದಾಟಿರುತ್ತದೆ. ವಾದ 1 ಗಂಟೆಯವರೆಗೂ ಬೆಳೆದರೆ ನಿದ್ರೆಗೆ ಉಳಿಯುವುದು ಎಷ್ಟು? ವಯಸ್ಕರಿಗೆ ಕನಿಷ್ಠ 7 ಗಂಟೆ, ಹದಿಹರೆಯದ ಮಕ್ಕಳಿಗೆ 8ರಿಂದ 10 ಗಂಟೆ ನಿದ್ರೆ ಬೇಕು. ಮೊಬೈಲಿನ ಬೆಳಕು ಹಾಗೂ ವಾದದ ಕಾವು ಎರಡೂ ನಿದ್ರೆಯನ್ನು ದೂರ ತಳ್ಳುತ್ತವೆ. ನಿದ್ರೆ ಕೆಟ್ಟರೆ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳೂ ಹತೋಟಿ ತಪ್ಪುತ್ತವೆ.

ಎರಡನೆಯದು ಮಾತಿನ ಧಾಟಿ. ‘ಎದೆ ಡವಡವ ಅಂತಿದೆ’, ‘ಬಿಪಿ ಏರಿತು’ ಎಂದು ತಮಾಷೆಗೆ ಬರೆಯುವುದುಂಟು. ಉದ್ವೇಗದಲ್ಲಿ ಅಡ್ರಿನಲಿನ್ ರಸ ಹೆಚ್ಚು ಸ್ರವಿಸಿ ನಾಡಿಬಡಿತ, ರಕ್ತದೊತ್ತಡ ನಿಜವಾಗಿಯೂ ಏರುತ್ತವೆ. 2006ರ ವಿಶ್ವಕಪ್ ಫುಟ್‌ಬಾಲ್ ಕಾಲದಲ್ಲಿ ಜರ್ಮನಿಯ ಮ್ಯೂನಿಕ್ ಪ್ರದೇಶದಲ್ಲಿ ನಡೆದ ಅಧ್ಯಯನವು 2008ರಲ್ಲಿ ಪ್ರಕಟವಾಯಿತು. ತಮ್ಮ ದೇಶದ ತಂಡ ಆಡಿದ ದಿನಗಳಲ್ಲಿ ಹೃದಯದ ತುರ್ತು ಪ್ರಕರಣಗಳು ಸುಮಾರು 2.7 ಪಟ್ಟಾಗಿದ್ದವು. ಮೊದಲೇ ಹೃದಯ ಕಾಯಿಲೆ ಇದ್ದವರಲ್ಲಿ ಸುಮಾರು 4 ಪಟ್ಟು.

ಆದ್ದರಿಂದ ಬಿಪಿ, ಹೃದಯದ ಕಾಯಿಲೆ ಇರುವ ಹಿರಿಯರು ಪಂದ್ಯದ ಭರದಲ್ಲಿ ಗುಳಿಗೆ ಮರೆಯಬಾರದು. ಬೀಡಿ, ಸಿಗರೇಟು, ಮದ್ಯ ಬೇಡವೇ ಬೇಡ. ಎದೆಯಲ್ಲಿ ಬಿಗಿತ, ಎಡಗೈ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆಯ ಬೆವರು, ಉಸಿರುಕಟ್ಟು ಕಂಡರೆ ‘ಗ್ಯಾಸ್ ಇರಬಹುದು, ಬೆಳಗ್ಗೆ ನೋಡೋಣ’ ಎನ್ನಬೇಡಿರಿ. ಕೂಡಲೇ 108ಕ್ಕೆ ಕರೆ ಮಾಡಿರಿ. ತಿಕೋಟಾ, ಬಬಲೇಶ್ವರದ ಹಳ್ಳಿಗಳಿಂದ ನಗರದ ಆಸ್ಪತ್ರೆ ಸೇರುವ ದಾರಿಯೂ ಸಮಯ ತಿನ್ನುತ್ತದೆ ಎಂಬುದು ನೆನಪಿರಲಿ.

ಮೂರನೆಯದು ಹಣದ ಮಾತು. ಹುಡುಗನ ಹರಟೆಯಲ್ಲಿ ಆಟಕ್ಕಿಂತ ‘ರೇಟು’, ‘ಸಾಲ’, ‘ನಾಳೆ ಕೊಡ್ತೀನಿ’ ಹೆಚ್ಚಾದರೆ ಬೆಟ್ಟಿಂಗ್ ಚಟವಿದೆಯೇ ಎಂದು ವಿಚಾರಿಸಿರಿ. ಇದೂ ಒಂದು ಕಾಯಿಲೆ. ಬೈದರೆ ಹುಡುಗ ಮುಚ್ಚಿಡುತ್ತಾನೆ, ಹತ್ತಿರ ಕೂರಿಸಿಕೊಂಡು ಕೇಳಿರಿ. ಊಟ ನಿದ್ರೆ ಬಿಟ್ಟರೆ, ಸಾಯುವ ಮಾತಾಡಿದರೆ ಒಬ್ಬನನ್ನೇ ಬಿಡದೆ ವೈದ್ಯರ ಬಳಿ ಕರೆತನ್ನಿರಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ.

ಬೆಂಗಳೂರು ತಂಡ 2025ರ ಜೂನ್ 3ರಂದು ಮೊದಲ ಬಾರಿಗೆ ಕಪ್ ಗೆದ್ದಿತು. ಮರುದಿನವೇ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಮಂದಿ ಅಸುನೀಗಿದರು. ಜನ ಒತ್ತರಿಸಿದಾಗ ಎದೆಗೂಡು ಹಿಗ್ಗಲಾರದೆ ನಿಂತಲ್ಲೇ ಉಸಿರುಗಟ್ಟುತ್ತದೆ. ಇಕ್ಕಟ್ಟಿನ ಜಾಗದ ಸಂಭ್ರಮಕ್ಕೆ ‘ಎಲ್ಲರೂ ಬನ್ನಿ’ ಎಂಬ ಸಂದೇಶ ಬಂದರೆ ಮಕ್ಕಳನ್ನು ಕರೆದೊಯ್ಯಬೇಡಿರಿ.

ಆಟ ನೋಡಿರಿ, ಮನೆಮಂದಿಯೆಲ್ಲ ಕೂಡಿ ನಗಿರಿ. ಕೊನೆಯ ಓವರ್ ಮುಗಿದ ಮೇಲೆ ಮೊಬೈಲನ್ನು ಹಾಸಿಗೆಯಿಂದ ದೂರವಿಟ್ಟು ಮಲಗಿರಿ. ಉಳಿದ ಜಗಳ ನಾಳೆಗೆ ಇರಲಿ.