ಪರದೇಶದ ಸೇವೆಯಲ್ಲಿ ನೀರು, ಊಟ, ನಿದ್ರೆ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ದಾದಿಯರೂ ಉಪಾಧ್ಯಾಯಿನಿಯರೂ ಅನೇಕರಿರುವದರಿಂದ, ಆಫ್ರಿಕಾ ಮೊದಲಾದ ಕಡೆಗಳ ಹಳ್ಳಿಗಳಲ್ಲಿ ಒಂದೆರಡು ವರುಷ ಸ್ವಯಂಸೇವಕಿಯರಾಗಿ ದುಡಿಯುವ ವಿಚಾರವು ಆಗಾಗ ನಮ್ಮ ಮುಂದೆ ಬರುವದು. ಸಂಯುಕ್ತ ರಾಷ್ಟ್ರಸಂಘದ ಸ್ವಯಂಸೇವಕ ಸಂಸ್ಥೆಯು 1971ರಲ್ಲಿ ಕೆಲಸಕ್ಕೆ ತೊಡಗಿದಂದಿನಿಂದ ಇದಕ್ಕೊಂದು ದಾರಿಯಾಗಿರುವದು. ಆದರೆ ಪಾಲಕರು ಕೇಳುವ ಮೊದಲ ಪ್ರಶ್ನೆಯು ಇದೇ: ನಳವೂ ವಿದ್ಯುದ್ದೀಪವೂ ಇಲ್ಲದ ಊರಿನಲ್ಲಿ ನಮ್ಮ ಹುಡುಗಿಯು ಹ್ಯಾಗೆ ಇದ್ದಾಳು?

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಮನೆಗಳಲ್ಲಿ ಬೆಳೆದವಳು ಇದಕ್ಕೆ ಅಷ್ಟೊಂದು ಅಂಜಬೇಕಾಗಿಲ್ಲವೆಂದು ನಮ್ಮ ಅಭಿಪ್ರಾಯ. ವಾಡಿ ನಿಲ್ದಾಣದಲ್ಲಿ ಮೇ ತಿಂಗಳ ಮಧ್ಯಾಹ್ನ ಗಾಡಿಗಾಗಿ ಕಾದವಳಿಗೆ ಬಿಸಿಲನ್ನು ಯಾರೂ ಕಲಿಸಬೇಕಾಗಿಲ್ಲ. ಶಹಾಬಾದದ ಕಲ್ಲು ಹಾಸಿದ ನೆಲದ ಮೇಲೆ ಬರಿಯ ಚಾಪೆಯಲ್ಲಿ ನಿದ್ರಿಸಿದವಳು ಮಂಚವನ್ನು ಹುಡುಕಲಾರಳು. ಊಟವಂತೂ ತೀರ ಅಪರಿಚಿತವಲ್ಲ. ನಮ್ಮ ಜೋಳದ ತವರುಮನೆಯೇ ಆಫ್ರಿಕಾ. ಸ್ವಾಹಿಲಿ ಭಾಷೆಯವರು ಅದನ್ನು ಮ್ತಾಮಾ ಎನ್ನುವರು. ಸುಡಾನಿನವರು ಅದರ ಹಿಟ್ಟನ್ನು ಹುಳಿಬರಿಸಿ ಕಿಸ್ರಾ ಎಂಬ ತೆಳ್ಳನೆಯ ರೊಟ್ಟಿಯನ್ನು ಮಾಡುವರು. ರೊಟ್ಟಿ ಬಡಿಯಬಲ್ಲ ಕೈಗೆ ಅಲ್ಲಿ ಗೆಳತಿಯರು ಬೇಗನೆ ಸಿಕ್ಕುವರು.

ಕಠಿಣವಾದದ್ದು ಬೇರೆಯೇ ಉಂಟು. ನಳವಿಲ್ಲದ ಊರಿನಲ್ಲಿ ಅತಿಥಿಯು ಚೆಲ್ಲುವ ಪ್ರತಿಯೊಂದು ತಂಬಿಗೆ ನೀರೂ ಯಾರೋ ಒಬ್ಬಳ ತಲೆಯ ಮೇಲೆ ಬಂದದ್ದು. 20 ಲೀಟರು ನೀರಿನ ತೂಕವು 20 ಕಿಲೋ. ಅದನ್ನು ಹೊತ್ತು ತರುವವಳು ಅನೇಕ ವೇಳೆ ಆ ಮನೆಯ ಹುಡುಗಿಯೇ. ನೀರಿನ ಸಾಲು ಉದ್ದವಾದಂದು ಆಕೆಗೆ ಪಾಠಶಾಲೆ ತಪ್ಪುವದು. ಕಲಿಸಬಂದವಳ ಸ್ನಾನಕ್ಕಾಗಿ ಕಲಿಯತಕ್ಕವಳು ಮನೆಯಲ್ಲಿ ಉಳಿದರೆ ಆ ಸೇವೆಯು ಎಂಥದು? ಆದಕಾರಣ ಹೋದ ಮೊದಲನೆಯ ವಾರದಲ್ಲಿಯೇ ನೀರು ಎಲ್ಲಿಂದ, ಎಷ್ಟು ಹೊತ್ತಿಗೆ, ಯಾರಿಂದ ಬರುವದೆಂಬದನ್ನು ತಿಳಿದು, ತನ್ನ ಪಾಲಿನದನ್ನು ತಾನೇ ತರತಕ್ಕದ್ದು. ಮನೆಯವರು ಬೇಡವೆನ್ನುವರು, ಅತಿಥಿಸತ್ಕಾರವು ಎಲ್ಲ ದೇಶಗಳಲ್ಲಿಯೂ ಹಾಗೆಯೇ. ಆದರೂ ಬಿಡಬಾರದು. ಕಾಯಿಪಲ್ಯ ತೊಳೆದ ನೀರನ್ನು ಗಿಡಕ್ಕೆ ಹಾಕುವ ನಮ್ಮ ತಾಯಂದಿರ ಕಟ್ಟುನಿಟ್ಟು ಅಲ್ಲಿ ಪದವಿಪತ್ರಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವದು.

ಹಾಗೆಂದು, ಬಡತನವನ್ನು ಹಂಚಿಕೊಳ್ಳುವೆನೆಂದು ಕಂಡ ನೀರನ್ನು ಕುಡಿಯುವದು ಸೇವೆಯಲ್ಲ. ಜಡ್ಡುಬಿದ್ದವಳ ಆರೈಕೆಯ ಭಾರವು ಮತ್ತೆ ಆ ಮನೆಯವರ ಮೇಲೆಯೇ. ನೀರು ಕೊತಕೊತನೆ ಕುದಿಯಹತ್ತಿದ ಮೇಲೆ 1 ನಿಮಿಷ, ಎತ್ತರದ ಬೆಟ್ಟದ ಸೀಮೆಯಲ್ಲಾದರೆ 3 ನಿಮಿಷ ಬಿಟ್ಟು ಇಳಿಸಬೇಕು. ಬಟ್ಟೆಯಲ್ಲಿ ಸೋಸುವ ಅಜ್ಜಿಯರ ರೂಢಿಯನ್ನು ಕಂಡು ನಗಬಾರದು. ಬಾಂಗ್ಲಾದೇಶದ ಮತ್ಲಬ್ ಸೀಮೆಯಲ್ಲಿ ಹಳೆಯ ಸೀರೆಯನ್ನು ನಾಲ್ಕಾರು ಪದರಾಗಿ ಮಡಿಚಿ ನೀರು ಸೋಸಿದ ಹಳ್ಳಿಗಳಲ್ಲಿ ಕಾಲರಾ ಸುಮಾರು ಅರ್ಧಕ್ಕೆ ಇಳಿಯಿತೆಂದು 2003ರಲ್ಲಿ ಪ್ರಕಟವಾದ ಶೋಧನೆಯು ತೋರಿಸಿತು. ಯಾಕಂದರೆ ಆ ರೋಗಾಣುಗಳು ನೀರಿನೊಳಗಿನ ಅತಿ ಸಣ್ಣ ಹುಳಗಳಿಗೆ ಅಂಟಿಕೊಂಡಿರುವವು. ಆದರೂ ಸೋಸಿದ್ದನ್ನು ಕುದಿಸಲೇಬೇಕು. ಭೇದಿಯಾದರೆ 1 ಲೀಟರು ಶುದ್ಧ ನೀರಿಗೆ ಚಹದ ಚಮಚದಿಂದ ಸಮವಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕೂಡಿಸಿ ಕುಡಿಯುತ್ತಿರತಕ್ಕದ್ದು. ಮಲೇರಿಯದ ಸೊಳ್ಳೆಯು ಮುಸ್ಸಂಜೆಯಿಂದ ಮುಂಜಾವಿನ ವರೆಗೆ ಕಚ್ಚುವದರಿಂದ, ಔಷಧಿ ಸವರಿದ ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿಯೇ ಮಲಗಬೇಕು.

ವಯಸ್ಸಾಯಿತೆಂದು ಹಿಂದೆ ಸರಿಯುವವರಿಗೆ ಒಂದು ಮಾತು. ಮುಂದೆ ಅಮೇರಿಕೆಯ ಅಧ್ಯಕ್ಷರಾದ ಜಿಮ್ಮಿ ಕಾರ್ಟರರ ತಾಯಿ ಲಿಲಿಯನ್ ಕಾರ್ಟರರು 1966ರಲ್ಲಿ, 68ನೆಯ ವಯಸ್ಸಿನಲ್ಲಿ, ಪೀಸ್ ಕೋರಿನ ದಾದಿಯಾಗಿ ಮುಂಬಯಿಯ ವಿಖ್ರೋಳಿಗೆ ಬಂದು ಸುಮಾರು ಎರಡು ವರುಷ ದುಡಿದರು.

ಪಾಲಕರಿಗೆ ಇನ್ನೊಂದು. ಆಫ್ರಿಕದ ಅನೇಕ ದೇಶಗಳಿಗೆ ಹೋಗಲಿಕ್ಕೂ ಅಲ್ಲಿಂದ ಭಾರತಕ್ಕೆ ಮರಳಲಿಕ್ಕೂ ಹಳದಿಜ್ವರದ ಚುಚ್ಚುಮದ್ದಿನ ಪ್ರಮಾಣಪತ್ರವು ಬೇಕಾಗುವದು. ಚುಚ್ಚಿಸಿಕೊಂಡು 10 ದಿನಗಳಾದ ಮೇಲೆಯೇ ಅದು ಊರ್ಜಿತ. 2016ರಿಂದ ಅದು ಆಯುಷ್ಯಪರ್ಯಂತ ಸಲ್ಲುವದು. ಅಧಿಕೃತ ಕೇಂದ್ರಗಳಲ್ಲಿ ಮಾತ್ರ ಅದನ್ನು ಕೊಡುವದರಿಂದ, ಪ್ರಯಾಣದ ದಿನ ಗೊತ್ತುಮಾಡುವ ಮೊದಲೇ ಈ ಕೆಲಸವನ್ನು ಮುಗಿಸಿಡಿರಿ.